ಮೆಡೂಸಾಳ ತಲೆ ಯಾರ ಮನೆ ಸೇರಿತು?

ಪರ್ಸಿ ಜಾಕ್ಸನ್ ಓದುಗರಲ್ಲಿ ಒಂದು ಪಂಗಡವಿದೆ. 'ನೀವು ಯಾವ ದೇವರ ಮಗು?' ಎಂಬ ರಸಪ್ರಶ್ನೆಗೆ ಉತ್ತರಿಸಿ, ಅಥೀನಾ ಎಂದು ಬಂದರೆ ಬೀಗಿ, ಪೊಸೈಡನ್ ಬರಲಿಲ್ಲವೆಂದರೆ ಮತ್ತೆ ಮೊದಲಿನಿಂದ ಒತ್ತುವವರು. ಅವರ ಅಪ್ಪ ಅಮ್ಮಂದಿರದ್ದು ಇನ್ನೊಂದು ಪಂಗಡ: ಹ್ಯಾರಿ ಪಾಟರ್ ಮುಗಿಯಿತು, ಮುಂದೇನು ಎಂದು ಅಂಗಡಿಯಲ್ಲಿ ಕೇಳಿ ಐದು ಪುಸ್ತಕಗಳ ಸೆಟ್ ಹೊತ್ತು ತರುವವರು. ಮಕ್ಕಳು ನಾಲ್ಕು ದಿನದಲ್ಲಿ ಓದಿ ಮುಗಿಸುತ್ತಾರೆ. ಕತ್ತಿ ಕಂಡಿರುತ್ತದೆ, ರಾಕ್ಷಸರು ಕಂಡಿರುತ್ತಾರೆ. ಪುಸ್ತಕದ ನಿಜವಾದ ಕಸುಬು ಮಾತ್ರ ಕಣ್ಣಿಗೆ ಬಿದ್ದಿರುವುದಿಲ್ಲ.

ಆ ಕಸುಬು ಕಾಣಬೇಕಾದರೆ ಹಳೆಯ ಕಥೆ ಪಕ್ಕದಲ್ಲೇ ಇರಬೇಕು. ಅಪೊಲೊಡೋರಸ್‌ನ ಹೆಸರಿನಲ್ಲಿ ಉಳಿದು ಬಂದಿರುವ ಪುರಾಣಸಂಗ್ರಹ ಆಗಬಹುದು, ಎಡಿತ್ ಹ್ಯಾಮಿಲ್ಟನ್ 1942ರಲ್ಲಿ ಬರೆದ 'ಮಿಥಾಲಜಿ' ಆದರೂ ನಡೆಯುತ್ತದೆ. ಸೊಫೊಕ್ಲಿಸ್‌ನ ಅಯಾಸ್ ಬಿ.ಎಂ.ಶ್ರೀ ಅವರ ಕೈಯಲ್ಲಿ ಅಶ್ವತ್ಥಾಮನಾದದ್ದನ್ನು ಓದಿ ಬಲ್ಲ ಕನ್ನಡಿಗರಿಗೆ ಈ ಬಗೆಯ ಓದು ಹೊಸದೇನಲ್ಲ. ಏನು ಉಳಿಯಿತು, ಏನು ಜಾಗ ಬದಲಿಸಿತು ಎಂದು ನೋಡುತ್ತ ಹೋಗುವುದೇ ಅಲ್ಲಿನ ಸುಖ.

ಪರ್ಸಿಯ ಕಥೆ ಬರೆದ ರಿಕ್ ರಿಯೊರ್ಡನ್ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದವರು. ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್, ಇತಿಹಾಸ ಕಲಿಸುತ್ತಿದ್ದ ಮೇಷ್ಟ್ರು. ಡಿಸ್ಲೆಕ್ಸಿಯಾ, ಎಡಿಎಚ್‌ಡಿ ಇದ್ದ ಮಗನಿಗೆ ರಾತ್ರಿ ಗ್ರೀಕ್ ಪುರಾಣ ಹೇಳುತ್ತ ಹೇಳುತ್ತ, ಹೇಳುವುದಕ್ಕೆ ಕಥೆಗಳೇ ಮುಗಿದುಹೋದಾಗ ಹೊಸದೊಂದನ್ನು ಕಟ್ಟಿದರು. 2005ರ 'ದಿ ಲೈಟ್ನಿಂಗ್ ಥೀಫ್' ಹುಟ್ಟಿದ್ದು ಹೀಗೆ. ಪರ್ಸಿಗೆ ಇಂಗ್ಲಿಷ್ ಅಕ್ಷರಗಳು ಕಲಸಿಹೋಗುವುದಕ್ಕೆ ಅವನ ತಲೆ ಪ್ರಾಚೀನ ಗ್ರೀಕ್‌ಗೆ ಒಗ್ಗಿರುವುದೇ ಕಾರಣವಂತೆ. ಈ ಉಪಾಯವನ್ನು ಎಲ್ಲರೂ ಹೊಗಳುತ್ತಾರೆ, ಹಾಗಾಗಿ ಇಲ್ಲಿ ಬಿಟ್ಟುಬಿಡಬಹುದು.

ಬಿಡಲಾಗದ್ದು ಮೆಡೂಸಾ ಪ್ರಸಂಗ.

ನ್ಯೂಜೆರ್ಸಿಯ ರಸ್ತೆ ಬದಿ. ಹಸಿದ ಮೂವರು ಮಕ್ಕಳು. ನಿಯಾನ್ ಫಲಕದಲ್ಲಿ ಏನಿದೆಯೆಂದು ಪರ್ಸಿಗೆ ಓದಲಾಗುವುದಿಲ್ಲ. ಆಂಟಿ ಎಮ್‌ಳ ತೋಟದ ಗೊಂಬೆಗಳ ಅಂಗಡಿ ಎಂದು ಗೆಳೆಯ ಗ್ರೋವರ್ ಓದಿ ಹೇಳುತ್ತಾನೆ. ಮುಖಕ್ಕೆ ಮುಸುಕು ಹಾಕಿದ ಹೆಂಗಸು ಬರ್ಗರ್ ತಿನ್ನಿಸಿ, ಫೋಟೊ ತೆಗೆಯುತ್ತೇನೆಂದು ಮೂವರನ್ನೂ ಸಾಲಾಗಿ ಕೂರಿಸುತ್ತಾಳೆ. ಕ್ಯಾಮೆರಾ ಎಲ್ಲೂ ಕಾಣುವುದಿಲ್ಲ. ಪುರಾಣದಲ್ಲಿ ಪರ್ಸಿಯಸ್‌ಗೆ ನೆರವಾದವಳು ಅಥೀನಾ, ನೋಡಿದವರನ್ನು ಕಲ್ಲಾಗಿಸುವ ಮೆಡೂಸಾಳನ್ನು ಅವನು ನೋಡಿದ್ದು ಹೊಳೆಯುವ ಗುರಾಣಿಯಲ್ಲಿ. ಇಲ್ಲಿ ಅಥೀನಾಳ ಮಗಳು ಅನಬೆತ್ ಅದೇ ಅಂಗಡಿಯ ಹಸಿರು ಗಾಜಿನ ಗುಂಡನ್ನು ಪರ್ಸಿಯ ಕೈಗಿಡುತ್ತಾಳೆ. ಗುರಾಣಿಯಾಗಿದ್ದರೆ ವಾಸಿಯಿತ್ತು, ಉಬ್ಬಿದ ಗಾಜಿನಲ್ಲಿ ಬಿಂಬದ ಅಳತೆ ತಪ್ಪುತ್ತದೆ ಎಂದು ಪಾಠವನ್ನೂ ಒಪ್ಪಿಸುತ್ತಾಳೆ. ತಾಯಿ ಮಾಡಿದ ಕೆಲಸ ಮಗಳ ಪಾಲಿಗೆ ಬಂದಿದೆ, ಅದೂ ಅರೆಬರೆ ಸಲಕರಣೆಯಲ್ಲಿ. ಕತ್ತಿ ಬೀಸುವ ಸಾಲಿಗಿಂತ ಈ ಗಾಜಿನ ಗುಂಡಿನ ಸಾಲನ್ನು ಎರಡು ಸಲ ಓದಬೇಕು.

ಆಮೇಲೆ ಬರುವುದೇ ಹೆಚ್ಚಿನದು. ಪರ್ಸಿ ಮೆಡೂಸಾಳ ಕಡಿದ ತಲೆಯನ್ನು ಡಬ್ಬಿಗೆ ತುಂಬಿ, ಎಂಪೈರ್ ಸ್ಟೇಟ್ ಕಟ್ಟಡದ 600ನೇ ಮಹಡಿಯ ಒಲಿಂಪಸ್‌ಗೆ ಪಾರ್ಸೆಲ್ ಮಾಡುತ್ತಾನೆ. ಓದುಗರು ನಗುತ್ತಾರೆ, ಪುಟ ತಿರುವುತ್ತಾರೆ. ಪಾರ್ಸೆಲ್ ಕೊನೆಗೆ ಪರ್ಸಿಯ ಮನೆಗೆ ವಾಪಸು ಬರುತ್ತದೆ. ಈ ಅಂಕಣಕಾರನ ಕಣ್ಣು ತೆರೆಸಿದ್ದು ಆ ವಾಪಸಾತಿ. ಅಪೊಲೊಡೋರಸ್‌ನ ಪುಟ ತೆಗೆದರೆ ಅಲ್ಲೊಬ್ಬ ರಾಜನಿದ್ದಾನೆ, ಪಾಲಿಡೆಕ್ಟಿಸ್. ಪರ್ಸಿಯಸ್‌ನ ತಾಯಿ ಡಾನಾಯೆಯ ಮೇಲೆ ಕಣ್ಣಿಟ್ಟು, ಅಡ್ಡಬರುವ ಮಗನನ್ನು ಮೆಡೂಸಾಳ ತಲೆ ತರಲು ಸಾಗಹಾಕುತ್ತಾನೆ. ಮಗ ತಲೆ ತಂದು ತೋರಿಸಿ ರಾಜನನ್ನೇ ಕಲ್ಲು ಮಾಡುತ್ತಾನೆ. ನ್ಯೂಯಾರ್ಕಿನ ಫ್ಲ್ಯಾಟಿನಲ್ಲಿ ಇಸ್ಪೀಟಾಡುತ್ತ, ಪರ್ಸಿಯ ತಾಯಿ ಸ್ಯಾಲಿಯ ಮೇಲೆ ಕೈ ಎತ್ತುವ ಮಲತಂದೆ ಗೇಬ್ ಬೇರೆ ಯಾರೂ ಅಲ್ಲ, ಅದೇ ಪಾಲಿಡೆಕ್ಟಿಸ್. ಆದರೆ ರಿಯೊರ್ಡನ್ ಮಗನ ಕೈಯಿಂದ ಆ ಕೆಲಸ ಮಾಡಿಸುವುದಿಲ್ಲ. ಪರ್ಸಿ ಸಿದ್ಧನಿರುತ್ತಾನೆ, ತಾಯಿ ಒಪ್ಪುವುದಿಲ್ಲ. ತನ್ನ ಬದುಕಿನ ತೀರ್ಮಾನ ತನ್ನದೇ ಆಗಬೇಕು ಎನ್ನುತ್ತಾಳೆ. ಅವನು ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಡುತ್ತಾನೆ. ಕೆಲ ದಿನಗಳ ಮೇಲೆ ಗೇಬ್ ನಾಪತ್ತೆಯಾದ ಸುದ್ದಿ ಬರುತ್ತದೆ. ಜೊತೆಗೇ ಇಸ್ಪೀಟಾಡುವವನ ಆಳೆತ್ತರದ ಕಾಂಕ್ರೀಟ್ ಶಿಲ್ಪವೊಂದನ್ನು ಸ್ಯಾಲಿ ಮಾರಿದ್ದೂ, ಆ ಹಣದಲ್ಲಿ ಕಾಲೇಜಿನ ಶುಲ್ಕ ಕಟ್ಟಿದ್ದೂ ತಿಳಿಯುತ್ತದೆ. ಮಕ್ಕಳ ಪುಸ್ತಕದಲ್ಲಿ ಇಷ್ಟು ಕರಾಳವಾದ ತಮಾಷೆ ಅಪರೂಪ. ಡಾನಾಯೆಗೆ ಸಿಗದಿದ್ದ ಪಾತ್ರ ಸ್ಯಾಲಿಗೆ ಸಿಕ್ಕಿದೆ.

ಇದನ್ನೇ ಪರದೆಯವರು ಹಾಳು ಮಾಡಿದ್ದು. 2010ರ ಚಿತ್ರದ ನಿರ್ದೇಶಕ ಕ್ರಿಸ್ ಕೊಲಂಬಸ್, ಹ್ಯಾರಿ ಪಾಟರ್‌ನ ಮೊದಲೆರಡು ಚಿತ್ರ ಮಾಡಿದವರೇ. ಹನ್ನೆರಡರ ಹುಡುಗನನ್ನು ಹೈಸ್ಕೂಲಿನ ಯುವಕನನ್ನಾಗಿಸಿ, ಗಾಜಿನ ಗುಂಡಿನ ಜಾಗದಲ್ಲಿ ಐಪಾಡ್‌ನ ಬೆನ್ನು ತೋರಿಸಿದರು. ಅದಾದರೂ ಹೋಗಲಿ. ಗೇಬ್ ತಾನಾಗಿ ಫ್ರಿಜ್ ತೆಗೆದು ಕಲ್ಲಾಗುವಂತೆ ಮಾಡಿದ್ದನ್ನು ಕ್ಷಮಿಸಲಾಗದು. 2023ರ ಡಿಸ್ನಿ ಪ್ಲಸ್ ಸರಣಿ ಎಷ್ಟೋ ವಾಸಿ. ಪರ್ಸಿಯ ವಯಸ್ಸು ಸರಿಯಿದೆ, ಮೆಡೂಸಾಳಿಗೂ ತನ್ನ ಕಥೆ ಹೇಳಿಕೊಳ್ಳಲು ಬಿಡುವು ಕೊಟ್ಟಿದ್ದಾರೆ. ಆದರೂ ಅಲ್ಲಿಯೂ ಗೇಬ್ ತಾನೇ ಪಾರ್ಸೆಲ್ ಬಿಚ್ಚುತ್ತಾನೆ. ಸ್ಯಾಲಿಯ ಕೈ ಸ್ವಚ್ಛವಾಗಿರಬೇಕೆಂಬ ಹಟ ಇವರಿಗೆಲ್ಲ ಏಕೋ.

ಈ ರುಚಿ ಹತ್ತಿದವರು ಅದೇ ಪುಸ್ತಕದಲ್ಲಿ ಇನ್ನಷ್ಟು ಹುಡುಕಬಹುದು. ಹೆಸರು ಪರ್ಸಿಯಸ್‌ನದು, ಆದರೆ ಆ ಪರ್ಸಿಯಸ್ ಜ್ಯೂಸ್‌ನ ಮಗ, ಪರ್ಸಿ ಪೊಸೈಡನ್‌ನ ಮಗ. ಮಿನೊಟಾರ್, ಹಾಸಿಗೆ ಅಂಗಡಿಯ ಪ್ರೊಕ್ರಸ್ಟಿಸ್ ಇಬ್ಬರೂ ಥೀಸಿಯಸ್‌ನ ಪಾಲಿನವರು. ಅವನನ್ನೂ ಪೊಸೈಡನ್‌ನ ಮಗ ಎನ್ನುವುದುಂಟು. ಸೇಂಟ್ ಲೂಯಿಸ್‌ನ ಕಮಾನಿನ ತುದಿಯಲ್ಲಿ ಎದುರಾಗುವ ಕಿಮೇರಾಳನ್ನು ಪುರಾಣದಲ್ಲಿ ಕೊಂದವನು ಪೆಗಾಸಸ್ ಏರಿದ್ದ ಬೆಲ್ಲೆರೊಫಾನ್. ಪರ್ಸಿಗೆ ಕುದುರೆಯಿಲ್ಲ. ಸೋತು ಮಿಸಿಸಿಪ್ಪಿಗೆ ಹಾರುತ್ತಾನೆ.

ಮುಂದಿನ ಪುಸ್ತಕಗಳ ಬಗ್ಗೆ ಚುಟುಕಾಗಿ ಹೇಳುವುದಾದರೆ, 2009ರ 'ದಿ ಲಾಸ್ಟ್ ಒಲಿಂಪಿಯನ್'ವರೆಗೆ ಬಿಡದೆ ಓದಿ. ರೋಮನ್ ಶಿಬಿರ ಸೇರಿಕೊಂಡ ಎರಡನೇ ಸರಣಿಯಲ್ಲಿ ಗದ್ದಲ ಜಾಸ್ತಿ. ಅಪೊಲೊ ಮೊಡವೆ ಮುಖದ ಹುಡುಗನಾಗಿ ಭೂಮಿಗೆ ಬೀಳುವ ಸರಣಿ ಹಾಸ್ಯಕ್ಕೆ ಚೆನ್ನ. ರಿಯೊರ್ಡನ್ ಹೆಸರಿನ ಪ್ರಕಾಶನ ಮಾಲೆಯಲ್ಲಿ 2018ರಲ್ಲಿ ಮೊದಲು ಬಂದದ್ದು ರೋಶನಿ ಚೋಕ್ಷಿ ಅವರ 'ಅರು ಶಾ ಅಂಡ್ ದಿ ಎಂಡ್ ಆಫ್ ಟೈಮ್'. ಅದರಲ್ಲಿ ಪಾಂಡವರು ಅಮೆರಿಕದ ಹುಡುಗಿಯರಾಗಿ ಮರುಹುಟ್ಟು ಪಡೆದಿದ್ದಾರೆ. ಯುಧಿಷ್ಠಿರನ ಆತ್ಮ ಹೊತ್ತ ಮಿನಿ ಎಂಬ ಹುಡುಗಿಗೆ ಕಂಡದ್ದಕ್ಕೆಲ್ಲ ರೋಗದ ಭಯ. ಪಕ್ಕದಲ್ಲಿ ಹ್ಯಾಮಿಲ್ಟನ್‌ಳನ್ನು ಇಟ್ಟುಕೊಳ್ಳದೆ ಓದಬಹುದಾದ ಪುಸ್ತಕ.