ಬಾರದ ಕರೆಪತ್ರ

ಸಿಂಗಪುರ 1967ರಲ್ಲಿ ತಂದ ಕಡ್ಡಾಯ ಸೇನಾ ಸೇವೆಯ ಕಾನೂನು 18 ತುಂಬಿದ ಎಲ್ಲ ಯುವಕರಿಗೂ ಒಂದೇ. ಆದರೂ ಮುಂದಿನ ಸುಮಾರು ಹತ್ತು ವರ್ಷ ಅಲ್ಪಸಂಖ್ಯಾತರೂ ಬಹುಪಾಲು ಮುಸ್ಲಿಮರೂ ಆದ ಮಲಯ ಸಮುದಾಯದ ಯುವಕರಲ್ಲಿ ಬಹುತೇಕರಿಗೆ ಸೇನೆಯ ಕರೆ ಬರಲೇ ಇಲ್ಲ. ಅವರ ನಿಷ್ಠೆಯ ಬಗ್ಗೆ ಸರ್ಕಾರಕ್ಕೆ ಶಂಕೆಯಿತ್ತು. ನನ್ನ ಮಟ್ಟಿಗೆ, ಆ ಶಂಕೆಗಿಂತ ಹೆಚ್ಚಿನ ಕೇಡು ಮಾಡಿದ್ದು ಅದನ್ನು ಬಾಯಿಬಿಟ್ಟು ಹೇಳದೆ ಆಚರಿಸಿದ ರೀತಿ. ಕರೆ ಬರಲಿಲ್ಲ, ವಿನಾಯಿತಿ ಪತ್ರವೂ ಸಿಗಲಿಲ್ಲ. ಇಂದೋ ನಾಳೆಯೋ ಸೇನೆಗೆ ಹೋಗಬೇಕಾದೀತು ಎಂಬಂಥ ಹುಡುಗನಿಗೆ ಕಸುಬು ಕಲಿಸಿ ಕೆಲಸ ಕೊಡಲು ಮಾಲೀಕರು ಹಿಂಜರಿದರು. ಬಂದೂಕು ಕೊಡದವರು ಬೇರೆ, ಅದರ ದಂಡ ತೆತ್ತವನು ಬೇರೆ. ಬ್ರಿಟಿಷರ ಕಾಲದಿಂದ ಪೊಲೀಸ್ ಮತ್ತು ಸೇನೆಯ ನೌಕರಿಯನ್ನೇ ನೆಚ್ಚಿಕೊಂಡಿದ್ದ ಅನೇಕ ಮಲಯ ಮನೆಗಳಿಗಂತೂ ಇದು ಅನ್ನದ ಪ್ರಶ್ನೆಯಾಗಿತ್ತು.

ಆಗಿನ ಪರಿಸ್ಥಿತಿ ನೋಡಿ ಎನ್ನುವವರಿದ್ದಾರೆ. 1964ರಲ್ಲಿ ಚೀನೀಯ–ಮಲಯ ಗಲಭೆ, ಮರುವರ್ಷ ಆಗಸ್ಟ್ 9ರಂದು ಮಲೇಷ್ಯಾದಿಂದ ಬೇರ್ಪಟ್ಟದ್ದು, ಕೈಯಲ್ಲಿದ್ದ ಪುಟ್ಟ ಸೇನೆಯಲ್ಲಿ ಮಲಯರೇ ಹೆಚ್ಚು. ಆ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಎಲ್ಲ ಮಲಯ ಯುವಕರನ್ನೂ ಸೇವೆಗೆ ಕರೆಯಲು 1985 ಬರಬೇಕಾಯಿತು. ಆಮೇಲೂ ಅನೇಕರನ್ನು ಕಳಿಸಿದ್ದು ಪೊಲೀಸ್ ಮತ್ತು ನಾಗರಿಕ ರಕ್ಷಣಾ ಪಡೆಗಳಿಗೆ. ದೇಶ ಮತ್ತು ಧರ್ಮದ ನಡುವೆ ಸಿಕ್ಕಿಕೊಳ್ಳುವ ಸಂಕಟಕ್ಕೆ ಯಾವ ಸೈನಿಕನನ್ನೂ ನೂಕಲು ಬಯಸುವುದಿಲ್ಲ ಎಂದು ಆಗ ರಕ್ಷಣಾ ಇಲಾಖೆಯ ಎರಡನೇ ಸಚಿವರಾಗಿದ್ದ ಲೀ ಸೀನ್ ಲೂಂಗ್ 1987ರಲ್ಲಿ ಹೇಳಿದರು. ಧರ್ಮಶ್ರದ್ಧೆಯೂ ಮಲೇಷ್ಯಾದಲ್ಲಿ ಬಂಧುಗಳೂ ಇರುವ ಮಲಯ ಅಧಿಕಾರಿಯ ಕೈಗೆ ಮಷಿನ್‌ಗನ್ ಪಡೆ ಕೊಡುವುದು ನಾಜೂಕಿನ ವಿಷಯ ಎಂಬರ್ಥದ ಮಾತನ್ನು ಅವರ ತಂದೆ, ದೇಶದ ಮೊದಲ ಪ್ರಧಾನಿ ಲೀ ಕುವಾನ್ ಯೂ 1999ರಲ್ಲಿ ಆಡಿದರು. ಮಲೇಷ್ಯಾದಲ್ಲಿ ನೆಂಟರಿರುವ ಚೀನೀಯ ಸಿಂಗಪುರಿಗರೂ ಬಹಳ ಮಂದಿ. ಅವರಿಗೆ ಈ ಪ್ರಶ್ನೆ ಎದುರಾಗಲಿಲ್ಲ. 1942ರಲ್ಲಿ ಪಾಸಿರ್ ಪಂಜಾಂಗ್‌ನಲ್ಲಿ ಜಪಾನೀಯರೆದುರು ಹೋರಾಡಿ ಮಡಿದ ಮಲಯ ರೆಜಿಮೆಂಟಿನ ಅದ್ನಾನ್ ಸೈದಿಯನ್ನು ವೀರನೆಂದು ಸ್ಮರಿಸುವ ದೇಶವೇ ಅವನ ಜನರ ಇಡೀ ಪೀಳಿಗೆಯನ್ನು ಪರೀಕ್ಷಿಸದೆಯೇ ಅನುಮಾನಿಸಿತು. ಸೂಕ್ಷ್ಮ ಹುದ್ದೆಗೆ ಒಬ್ಬೊಬ್ಬರನ್ನೂ ತೂಗಿ ನೋಡುವುದು ಎಲ್ಲ ಸೇನೆಗಳ ಹಕ್ಕು. ಹುಟ್ಟನ್ನೇ ತೂಕದ ಕಲ್ಲಾಗಿಸಿದರೆ ಆ ಹಕ್ಕಿಗೆ ಸಮರ್ಥನೆ ಉಳಿಯುವುದಿಲ್ಲ.

ಕಾಲ ಬದಲಾಗಿದೆ ಎಂಬುದಕ್ಕೆ 2009ರಲ್ಲಿ ಬ್ರಿಗೇಡಿಯರ್ ಜನರಲ್ ಆದ ಇಶಾಕ್ ಇಸ್ಮಾಯಿಲ್ ಅವರತ್ತ ಬೊಟ್ಟು ಮಾಡುತ್ತಾರೆ. ಮಲಯರೊಬ್ಬರು ಆ ಪದವಿಗೇರಿದ್ದು ಅದೇ ಮೊದಲು. ಆ ಸಾಧನೆ ದೊಡ್ಡದು. ಆದರೆ ಯಾವ ಘಟಕದಲ್ಲಿ ಎಷ್ಟು ಮಲಯರಿದ್ದಾರೆ ಎಂಬ ಲೆಕ್ಕವನ್ನು ಸೇನೆ ಪ್ರಕಟಿಸುವುದಿಲ್ಲ. 1967ರಲ್ಲಿ ಆರಂಭವಾದ ಮೌನ ಅಲ್ಲಿ ಇನ್ನೂ ಮುಂದುವರಿದಿದೆ.