ಬಾಯಿಪಾಠದ ಬ್ಯಾಂಡು

ವಿದೇಶಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತರಬೇತಿ ಕೊಡುವ ತರಗತಿಯೊಂದರಲ್ಲಿ ಅಣಕು ಸಂದರ್ಶನ ಮಾಡಲು ಕೂತಿದ್ದೆ. ಕಾರ್ಡಿನಲ್ಲಿದ್ದ ವಿಷಯ: ನಿಮ್ಮ ಮೇಲೆ ಪ್ರಭಾವ ಬೀರಿದ ಹಿರಿಯರು. ತಯಾರಿಗೆ ಒಂದು ನಿಮಿಷ, ಮಾತಿಗೆ ಎರಡು. ಸಿಂಧನೂರು ಕಡೆಯ ಹುಡುಗಿಯೊಬ್ಬಳು ಒಂದೇ ಉಸಿರಿಗೆ ಅಬ್ದುಲ್ ಕಲಾಂ ಬಗ್ಗೆ ಒಪ್ಪಿಸಿದಳು. ಅವಳಿಗಿಂತ ಮುಂಚೆ ಬಂದ ಮೂವರೂ ಅದನ್ನೇ, ಅದೇ ವಾಕ್ಯಗಳಲ್ಲಿ ಒಪ್ಪಿಸಿ ಹೋಗಿದ್ದರು. “ಅವರ ಯಾವ ಪುಸ್ತಕ ಓದಿದ್ದೀಯಮ್ಮ?” ಎಂದೆ. ಮಾತೇ ಇಲ್ಲ. “ಹೋಗಲಿ, ನಿಮ್ಮಜ್ಜಿ ಬಗ್ಗೆ ಹೇಳು” ಎಂದೆ. ತಡವರಿಸುತ್ತ, ಕ್ರಿಯಾಪದ ತಪ್ಪುತ್ತ, ಬತ್ತದ ನಾಟಿಗೆ ಹೋಗುತ್ತಿದ್ದ ಅಜ್ಜಿ ಕೂಲಿ ದಿನಗಳ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದು ಇಡುತ್ತಿದ್ದುದನ್ನು ಹೇಳಿದಳು. ನಾನು ಪೆನ್ನು ಕೆಳಗಿಟ್ಟು ಕೇಳಿದೆ.

ಈ ತರಗತಿಗಳು ಎಡವುವುದು ಇಲ್ಲೇ. 11ರಿಂದ 14 ನಿಮಿಷದ ಮಾತಿನ ಪರೀಕ್ಷೆಯಲ್ಲಿ ನಿರರ್ಗಳತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ನಾಲ್ಕಕ್ಕೂ ಸಮಪಾಲು. ವ್ಯಾಕರಣ ಕಾಲು ಭಾಗ ಮಾತ್ರ. ಮಾತಿನಲ್ಲಿ ಕನ್ನಡದ ಛಾಯೆ ಇದೆ ಎಂದು ಯಾರೂ ಅಂಕ ಕಳೆಯುವುದಿಲ್ಲ, ಹೇಳಿದ್ದು ಅರ್ಥವಾದರೆ ಸಾಕು. ಆದರೂ ನಾಲಿಗೆ ತಿರುಚುವ ಕಸರತ್ತಿಗೆ ವಾರಗಟ್ಟಲೆ ಹೋಗುತ್ತದೆ. ಕೊನೆಯ ಭಾಗದಲ್ಲಿ ಪರೀಕ್ಷಕರು ಅದೇ ವಿಷಯವನ್ನು ಕೆದಕಿ ಕೆದಕಿ ಕೇಳುತ್ತಾರೆ. ಉರು ಹೊಡೆದದ್ದು ಅಲ್ಲಿ ಉದುರಿಹೋಗುತ್ತದೆ.

ಬರವಣಿಗೆಯದೂ ಇದೇ ಪಾಡು. 250 ಪದಗಳ ಪ್ರಬಂಧದಲ್ಲಿ ಟೆಂಪ್ಲೇಟಿನ ಪೀಠಿಕೆಗೇ ಐವತ್ತು ಅರವತ್ತು ಪದ ಖರ್ಚು. ಇಡೀ ತರಗತಿಯ ಉತ್ತರಪತ್ರಿಕೆಗಳು ಒಂದೇ ಮದುವೆಯ ಆಮಂತ್ರಣ ಪತ್ರಿಕೆಗಳಂತಿದ್ದವು.

ಆಲಿಸುವ ಅಭ್ಯಾಸವನ್ನು ಮಾತ್ರ ಮೆಚ್ಚಬೇಕು. ಧ್ವನಿಮುದ್ರಣ ಕೇಳಿಸುವುದು ಒಂದೇ ಸಲ, ಕಾಗುಣಿತ ತಪ್ಪಿದರೆ ಅಂಕವಿಲ್ಲ. ಅದನ್ನು ಇಲ್ಲಿ ಚೆನ್ನಾಗಿ ರೂಢಿ ಮಾಡಿಸುತ್ತಾರೆ.

ಒಮ್ಮೆ ಪರೀಕ್ಷೆಗೆ ಕೂರಲು 17 ಸಾವಿರ ರೂಪಾಯಿಗೂ ಹೆಚ್ಚು ಬೇಕು. ಅಷ್ಟು ದುಡ್ಡು ಹೊಂದಿಸಿದವರಿಗೆ ಬಾಯಿಪಾಠ ಧೈರ್ಯ ಕೊಡುತ್ತದೆ ಎನ್ನುವ ತರಗತಿಯ ಮೇಷ್ಟರ ಮಾತನ್ನು ತಳ್ಳಿಹಾಕಲಾರೆ. ಆದರೆ ಆ ಧೈರ್ಯ ಎರಡನೆಯ ಪ್ರಶ್ನೆಯವರೆಗೆ ಮಾತ್ರ. ಮೇಷ್ಟರೇ, ಮೊದಲ ಹದಿನೈದು ದಿನ ಟೆಂಪ್ಲೇಟನ್ನು ಬೀರುವಿನಲ್ಲಿಡಿ. ದಿನಕ್ಕೆ ಎರಡು ನಿಮಿಷ, ಅವರವರ ಮನೆಯ ಮಾತನ್ನು ಅವರವರ ಇಂಗ್ಲಿಷಿನಲ್ಲಿ ಮೊಬೈಲಿಗೆ ಹೇಳಿಸಿ. ತಿದ್ದುವ ಕೆಲಸ ಆಮೇಲೆ ಇದ್ದೇ ಇದೆ.