ಕೃತ್ರಿಮ ಪಾಠ, ಜೀವಂತ ಪರಂಪರೆ: ವೇಲ್ಸ್ ಸಾಹಿತ್ಯದ ಎರಡು ನಿದರ್ಶನಗಳು

ಹಸ್ತಪ್ರತಿಯಲ್ಲಿ ದೊರೆತುದು ಪ್ರಮಾಣ, ಬಾಯಿಂದ ಬಾಯಿಗೆ ಬಂದುದು ಸಂದೇಹಾಸ್ಪದ ಎಂದು ಭಾವಿಸುವುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ರೂಢಿಯಾಗಿದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದ ವೇಲ್ಸ್ ದೇಶದಲ್ಲಿ ಈ ನಂಬಿಕೆಯನ್ನು ಪರೀಕ್ಷೆಗೆ ಗುರಿಮಾಡುವ ಎರಡು ನಿದರ್ಶನಗಳಿವೆ. ಅವನ್ನು ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಗಮನಿಸಬೇಕು. 1536 ಮತ್ತು 1543ರ ಶಾಸನಗಳಿಂದ ವೇಲ್ಸ್ ಇಂಗ್ಲೆಂಡಿನ ಆಡಳಿತದಲ್ಲಿ ಲೀನವಾಗಿದ್ದಿತು. ನ್ಯಾಯಾಲಯದ ಭಾಷೆ ಇಂಗ್ಲಿಷ್ ಆಗಿದ್ದಿತು. ದೇಶಕ್ಕೆ ರಾಜಧಾನಿಯಿರಲಿಲ್ಲ, ವಿಶ್ವವಿದ್ಯಾಲಯವಿರಲಿಲ್ಲ. ವೆಲ್ಷ್ ಭಾಷೆಯ ಮೊದಲ ವಾರಪತ್ರಿಕೆಯಾದ ‘ಸೆರೆನ್ ಗೊಮೆರ್’ ಸ್ವಾನ್‌ಸೀಯಿಂದ ಹೊರಟುದು 1814ರಲ್ಲಿ. ಇಂಥ ನಾಡಿನಲ್ಲಿ ಜನರ ಸಾರ್ವಜನಿಕ ಜೀವನಕ್ಕೆ ಆಸರೆಯಾಗಿ ಉಳಿದುದು ಭಾಷೆ, ಚ್ಯಾಪೆಲು ಮತ್ತು ಕಾವ್ಯ. ಆದುದರಿಂದ ಪ್ರಾಚೀನ ಕಾವ್ಯದ ಪ್ರಶ್ನೆ ಅಲ್ಲಿ ಪಂಡಿತರ ಪ್ರಶ್ನೆ ಮಾತ್ರವಾಗಿರಲಿಲ್ಲ. ಅದು ಜನಾಂಗದ ಮಾನದ ಪ್ರಶ್ನೆಯಾಗಿದ್ದಿತು.

ಎಡ್ವರ್ಡ್ ವಿಲಿಯಮ್ಸ್ (1747–1826) ಗ್ಲಾಮೋರ್ಗನ್ ಸೀಮೆಯ ಕಲ್ಲುಕುಟಿಗ. ‘ಯೋಲೊ ಮೊರ್ಗಾನುಗ್’ ಎಂಬುದು ಅವನ ಕಾವ್ಯನಾಮ. ಹಳೆಯ ಹಸ್ತಪ್ರತಿಗಳಲ್ಲಿ ಅವನಿಗಿದ್ದ ಪರಿಶ್ರಮ ಅಸಾಧಾರಣವಾದುದು. 1789ರಲ್ಲಿ, ಹದಿನಾಲ್ಕನೆಯ ಶತಮಾನದ ಮಹಾಕವಿ ದಾವಿದ್ ಆಪ್ ಗ್ವಿಲಿಮನ ಕವಿತೆಗಳು ಲಂಡನ್ನಿನಲ್ಲಿ ಅಚ್ಚಾದಾಗ, ಅನುಬಂಧದಲ್ಲಿ ಸೇರಿದ ಹಲವು ಕವಿತೆಗಳು ಇವನೇ ಬರೆದು ಕಳುಹಿಸಿದವು. 1801ರಿಂದ 1807ರವರೆಗೆ ಮೂರು ಸಂಪುಟಗಳಲ್ಲಿ ಬಂದ ‘ಮವೀರಿಯನ್ ಆರ್ಕಿಯಾಲಜಿ’ ಎಂಬ ಪ್ರಾಚೀನ ಸಾಹಿತ್ಯಸಂಗ್ರಹದಲ್ಲಿಯೂ ಅವನ ಕೃತ್ರಿಮ ರಚನೆಗಳು ನಿಜವಾದವುಗಳ ನಡುವೆ ಸೇರಿಕೊಂಡವು. ಡ್ರೂಯಿಡ್ ಪುರೋಹಿತರ ಕಾಲದಿಂದ ಬಂದುದೆಂದು ಹೇಳಿ ‘ಗೊರ್ಸೆದ್’ ಎಂಬ ಕವಿಸಭೆಯನ್ನು ಅವನು 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ನಡೆಸಿದನು. 1819ರ ಜುಲೈಯಲ್ಲಿ ಕಾರ್ಮಾರ್ಥೆನ್ ಊರಿನ ‘ಐಸ್ತೆದ್ವೊದ್’ ಎಂಬ ಕಾವ್ಯಸ್ಪರ್ಧೆಯ ಉತ್ಸವಕ್ಕೆ ಅದನ್ನು ಜೋಡಿಸಿದನು. ಈ ಸತ್ಯ ಸಂಪೂರ್ಣವಾಗಿ ಬಯಲಿಗೆ ಬರಲು ಒಂದು ಶತಮಾನಕ್ಕೂ ಮೀರಿ ಕಾಲ ಬೇಕಾಯಿತು. ಜಿ. ಜೆ. ವಿಲಿಯಮ್ಸ್ ಅವರು ಅನುಬಂಧದ ಕವಿತೆಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದುದು 1926ರಲ್ಲಿ.

ಎರಡನೆಯ ನಿದರ್ಶನ ಇದಕ್ಕೆ ತೀರ ವಿರುದ್ಧವಾದುದು. ಮಾಂಟ್‌ಗೊಮರಿ ಸೀಮೆಯ ದೊಲ್ವಾರ್ ವಾಖ್ ಎಂಬ ಹೊಲಮನೆಯ ಹೆಣ್ಣುಮಗಳು ಆ್ಯನ್ ಗ್ರಿಫಿತ್ಸ್. 1776ರಲ್ಲಿ ಹುಟ್ಟಿ, 1805ರಲ್ಲಿ ಹೆರಿಗೆಯ ತರುವಾಯ ತೀರಿಕೊಂಡಳು. ಅವಳ ಸ್ವಹಸ್ತದಲ್ಲಿ ಉಳಿದಿರುವುದು ಒಂದು ಪತ್ರ, ಅದರೊಳಗಿನ ಒಂದೇ ಒಂದು ಪದ್ಯ. ಉಳಿದ ಭಕ್ತಿಗೀತಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವಳು ಮನೆಗೆಲಸದ ರೂತ್ ಇವಾನ್ಸ್. ಅವಳಿಗೆ ಬರೆಯಲು ಬಾರದು. ಅವಳು ಹೇಳಿದುದನ್ನು ಪತಿ ಜಾನ್ ಹ್ಯೂಸ್ ಬರೆದುಕೊಂಡನು. 1806ರಲ್ಲಿ ಅಚ್ಚಾಗಿ ಬಂದಾಗ ಸಂಪಾದಕರು ಭಾಷೆಯನ್ನೂ ಛಂದಸ್ಸನ್ನೂ ಅಲ್ಲಲ್ಲಿ ತಿದ್ದಿದರು. ಹ್ಯೂಸನ ಬರಹ ದೊರೆತ ಮೇಲೆ ಮೂಲದ ಒರಟುತನವೂ ತೀವ್ರತೆಯೂ ವಿದ್ವಾಂಸರಿಗೆ ಗೋಚರವಾದವು.

ಇಲ್ಲಿ ನಾವು ಕಾಣುವುದೇನು? ಪಂಡಿತನ ಕೈಬರಹ ಸುಳ್ಳಾಯಿತು. ನಿರಕ್ಷರಿಯ ನೆನಪು ಸತ್ಯವನ್ನು ಕಾಯ್ದಿತು. ಬರಹವನ್ನು ಕೈಬಿಟ್ಟು ಬಾಯಿಮಾತನ್ನು ನಂಬಬೇಕೆಂಬುದು ಇದರ ಅರ್ಥವಲ್ಲ. ಬರೆದುದಾಗಲಿ ನೆನೆದುದಾಗಲಿ, ಅದನ್ನು ಸಾಗಿಸಿದವರಿಗೆ ಅದರಿಂದ ಏನು ಆಗಬೇಕಾಗಿದ್ದಿತು ಎಂಬುದನ್ನು ವಿಚಾರಿಸಬೇಕು. ಯೋಲೊವಿಗೆ ತನ್ನ ಗ್ಲಾಮೋರ್ಗನ್ನಿಗೆ ಕೀರ್ತಿ ಬೇಕಾಗಿದ್ದಿತು. ರೂತಳಿಗೆ ತನ್ನ ಒಡತಿಯ ಮಾತು ಮಾತ್ರ ಬೇಕಾಗಿದ್ದಿತು. ಅಚ್ಚು ಮಾಡಿದ ಸಂಪಾದಕರಿಗೆ ಸಭೆಯಲ್ಲಿ ಹಾಡಲು ಒಪ್ಪುವ ಪದ್ಯ ಬೇಕಾಗಿದ್ದಿತು. ಸದುದ್ದೇಶವೂ ಪಾಠವನ್ನು ಕೆಡಿಸಬಲ್ಲದು.

ಗೊರ್ಸೆದ್ ಇಂದಿಗೂ ರಾಷ್ಟ್ರೀಯ ಐಸ್ತೆದ್ವೊದಿನಲ್ಲಿ ಸೇರುತ್ತದೆ, ಕವಿಗಳನ್ನು ಗೌರವಿಸುತ್ತದೆ. ಹಾಗಿರುವಾಗ ಯೋಲೊವಿನ ಸುಳ್ಳಿನಿಂದ ಆದ ಹಾನಿಯೇನು ಎಂದು ಕೆಲವರು ಕೇಳಬಹುದು. ಹಾನಿ ಇದ್ದೇ ಇದೆ. ಪ್ರಾಚೀನ ಕವಿಗಳ ಲಿಪಿಯೆಂದು ಅವನು ಕಲ್ಪಿಸಿದ ‘ಕೋಯ್ಲ್‌ಬ್ರೆನ್’ ಅನ್ನು ಸಮರ್ಥಿಸುವ ಅವನ ಮಗನ ಬಹುಮಾನಿತ ಪ್ರಬಂಧವೇ 1840ರಲ್ಲಿ ಅಚ್ಚಾಯಿತು. ದಾವಿದನ ಕವಿತೆಗಳ ಶುದ್ಧ ಸಂಪಾದನೆಗೆ ನಾಡು 1952ರವರೆಗೆ, ಥಾಮಸ್ ಪ್ಯಾರಿ ಅವರ ಆವೃತ್ತಿಯವರೆಗೆ, ಕಾಯಬೇಕಾಯಿತು. ಸಂಸ್ಥೆಯ ಯೋಗ್ಯತೆಯನ್ನು ಅದು ಮಾಡಿದ ಕೆಲಸದಿಂದ ಅಳೆಯಬೇಕು. ಪಾಠದ ಯೋಗ್ಯತೆಯನ್ನು ಅದರ ಪ್ರಾಮಾಣ್ಯದಿಂದ. ಒಂದರ ಪುಣ್ಯವನ್ನು ಇನ್ನೊಂದರ ಖಾತೆಗೆ ಬರೆಯಲಾಗದು. ಯೋಲೊ ದಾವಿದನ ಹೆಸರಿನಲ್ಲಿ ಬರೆದ ಕವಿತೆಗಳಲ್ಲಿ ಸೊಗಸಿದೆ. ಆ ಸೊಗಸನ್ನು ಯೋಲೊವಿಗೇ ಸಲ್ಲಿಸೋಣ, ದಾವಿದನಿಗಲ್ಲ. ಅದು ಇಬ್ಬರಿಗೂ ಮಾಡುವ ನ್ಯಾಯ.